ಯಂತ್ರ ಕೊಳ್ಳುವ ಮುಂಚೆ ಮನೆ ಮೀಟರು ನೋಡ್ರಿ

ಯಾವ ಕಾರ್ಡು ತಗೊಂಡ್ರೆ ಒಳ್ಳೇದು ಅಂತ ಊರಿನ ಹುಡುಗರು ಕೇಳುತ್ತಿದ್ದಾರೆ. ಕಾರ್ಡು ಅಂದರೆ ರೇಷನ್ ಕಾರ್ಡೂ ಅಲ್ಲ, ಬಸ್ ಪಾಸೂ ಅಲ್ಲ. ಕಂಪ್ಯೂಟರಿನೊಳಗೆ ಕೂರಿಸುವ ಗ್ರಾಫಿಕ್ಸ್ ಕಾರ್ಡು. ಅದನ್ನು ಹಾಕಿಕೊಂಡು, ಹಗಲೂ ರಾತ್ರಿ ಓಡಿಸಿ, ಮನೆಯಲ್ಲೇ ಕೂತು ಬಿಟ್‌ಕಾಯಿನ್ ಅಗೆಯಬೇಕಂತೆ! ಇದಕ್ಕೆ ಮೈನಿಂಗ್ ಅಂತ ಹೆಸರು. ಸಂಡೂರಿನಲ್ಲಿ ಅಗೆದರೆ ಕೆಂಪು ಧೂಳು ಏಳುತ್ತದೆ. ಇಲ್ಲಿ ಅಗೆದರೆ ಏಳುವುದು ಬೆಸ್ಕಾಂ ಬಿಲ್ಲು.

ನಗಬೇಡಿ. ಇದು ಬೆಂಗಳೂರಿನವರ ಉಸಾಬರಿ ಅಂದುಕೊಂಡಿದ್ದೆವು. ಈಗ ದಾವಣಗೆರೆಯ ಅಂಗಡಿಗಳ ಗಲ್ಲಾಪೆಟ್ಟಿಗೆ ತನಕ ಬಂದಿದೆ. ಮೊನ್ನೆ ಹರಿಹರದ ಬಸ್ಸಿನಲ್ಲಿ ಪಕ್ಕ ಕೂತ ಕಿರಾಣಿ ವರ್ತಕರೊಬ್ಬರು, "ಅಲ್ರೀ, ನಮ್ಮ ಹುಡುಗ ಒಂದು ಲಕ್ಷ ಚಿಲ್ರೆ ಕೇಳ್ತಾನೆ. ಸೆಕೆಂಡ್ ಹ್ಯಾಂಡ್ ಮಿಷನ್ನಂತೆ. ಒಂದ್ಸಲ ಆನ್ ಮಾಡಿಬಿಟ್ರೆ ತಿಂಗಳಾ ತಿಂಗಳಾ ದುಡ್ಡು ತಾನೇ ಬರ್ತದಂತೆ. ಚೀಟಿ ಎತ್ತಿ ಕೊಡ್ಲೇನ್ರೀ?" ಎಂದು ಕೇಳಿದರು. ಹುಡುಗ ಕುಡಿಯೋಕೆ ಕೇಳಿಲ್ಲ, ಇಸ್ಪೀಟಿಗೆ ಕೇಳಿಲ್ಲ, ಕಂಪ್ಯೂಟರಿಗೆ ಕೇಳಿದ್ದಾನೆ. ಇಲ್ಲ ಅನ್ನಲು ಯಾವ ತಂದೆಗೆ ಬಾಯಿ ಬಂದೀತು? ಹೂಂ ಅಂದರೆ ಚೀಟಿ ದುಡ್ಡು ಹೋದೀತು. ಅಂಥ ತಂದೆಯರಿಗೂ ಅಂಥ ಮಕ್ಕಳಿಗೂ ಸೇರಿಸಿಯೇ ಇವತ್ತಿನ ಈ ಅಂಕಣ.

ನಮ್ಮೂರ ಮಂಡಕ್ಕಿ ಭಟ್ಟಿಯವರನ್ನು ಕೇಳಿ ನೋಡ್ರಿ. ಹೊಸದಾಗಿ ಭಟ್ಟಿ ಹಾಕುವವನು ಮೊದಲು ಬಾಣಲೆಯ ಬೆಲೆ ವಿಚಾರಿಸುತ್ತಾನೋ, ಉರುವಲಿನ ಬೆಲೆ ವಿಚಾರಿಸುತ್ತಾನೋ? ಬಾಣಲೆ ಒಂದು ಸಲ ಕೊಳ್ಳುವುದು. ಉರುವಲು ದಿನಾ ಬೇಕು. ಅಕ್ಕಿ ರೇಟು, ಉರುವಲು ರೇಟು, ಮಂಡಕ್ಕಿ ರೇಟು ಈ ಮೂರರ ನಡುವೆ ನಾಕು ಕಾಸು ಉಳಿದರೆ ಭಟ್ಟಿ. ಉಳಿಯದಿದ್ದರೆ ಬಾಣಲೆ ಬೆಳ್ಳಿಯದಾದರೂ ಪ್ರಯೋಜನವಿಲ್ಲ. ಮೈನಿಂಗ್ ಕಥೆಯೂ ಇದೇ. ಉರುವಲು ಅಂದರೆ ಇಲ್ಲಿ ಕರೆಂಟು. ಆದರೆ ನಮ್ಮ ಹುಡುಗರು ಯೂಟ್ಯೂಬಿನಲ್ಲಿ ಬಾಣಲೆಯನ್ನು ಮಾತ್ರ ನೋಡುತ್ತಿದ್ದಾರೆ.

ಈ ಅಗೆಯುವುದು ಅಂದರೇನು?

ಬಿಟ್‌ಕಾಯಿನ್ ಶುರುವಾದದ್ದು 2009ರ ಜನವರಿಯಲ್ಲಿ. ಯಾರು ಯಾರಿಗೆ ಎಷ್ಟು ಕಳಿಸಿದರು ಎಂಬ ಲೆಕ್ಕದ ಖಾತೆಕಿರ್ದಿ ಯಾವ ಬ್ಯಾಂಕಿನಲ್ಲೂ ಇಲ್ಲ. ಜಗತ್ತಿನ ತುಂಬ ಇರುವ ಕಂಪ್ಯೂಟರುಗಳು ಸೇರಿ ಬರೆದಿಟ್ಟುಕೊಳ್ಳುತ್ತವೆ. ಸರಾಸರಿ ಹತ್ತು ನಿಮಿಷಕ್ಕೊಂದು ಪುಟ. ಅದಕ್ಕೆ ಬ್ಲಾಕ್ ಅನ್ನುತ್ತಾರೆ. ಆ ಪುಟ ಬರೆಯುವ ಹಕ್ಕು ಯಾರಿಗೆ? ಒಂದು ಲಾಟರಿ ಗೆದ್ದವನಿಗೆ. ಯಂತ್ರಗಳು ಒಂದೇ ಸಮನೆ ಒಂದು ಸಂಖ್ಯೆ ಬದಲಿಸುತ್ತ, ಗುಣಾಕಾರದಂಥ ಒಂದು ಲೆಕ್ಕ ಹಾಕುತ್ತ, ಉತ್ತರ ನಿಗದಿಯಾದ ಮಿತಿಗಿಂತ ಚಿಕ್ಕದು ಬಂತೇ ಅಂತ ನೋಡುತ್ತಿರುತ್ತವೆ. ಒಂದೊಂದು ಲೆಕ್ಕವೂ ಒಂದೊಂದು ಲಾಟರಿ ಟಿಕೇಟು. ಇದಕ್ಕೆ ಹ್ಯಾಶ್ ಎಂದು ಹೆಸರು. ಗೆದ್ದವನಿಗೆ ಮೊದಲು 50 ಬಿಟ್‌ಕಾಯಿನ್ ಬಹುಮಾನವಿತ್ತು. ಸುಮಾರು ನಾಕು ವರ್ಷಕ್ಕೊಮ್ಮೆ ಅದು ಅರ್ಧವಾಗುತ್ತ 2024ರ ಏಪ್ರಿಲ್‌ನಿಂದ 3.125ಕ್ಕೆ ಇಳಿದಿದೆ.

ಇಲ್ಲಿ ಒಂದು ಕಿವಿಮಾತು. ಟಿಕೇಟು ಕೊಳ್ಳುವವರು ಜಾಸ್ತಿಯಾದರೆ ಬಹುಮಾನವೂ ಬೇಗ ಬೇಗ ಸಿಗುತ್ತದಲ್ಲ ಅಂದುಕೊಳ್ಳಬೇಡಿ. ಪ್ರತಿ 2016 ಬ್ಲಾಕಿಗೊಮ್ಮೆ, ಅಂದರೆ ಹೆಚ್ಚೂಕಡಿಮೆ ಎರಡು ವಾರಕ್ಕೊಮ್ಮೆ, ಲಾಟರಿ ತನ್ನಷ್ಟಕ್ಕೆ ತಾನೇ ಬಿಗಿಯಾಗುತ್ತದೆ. ಜನ ಹೆಚ್ಚಾದಷ್ಟೂ ಗೆಲ್ಲುವುದು ಕಷ್ಟ. ಹೀಗಾಗಿ ಇವತ್ತು ನಿಮ್ಮ ಯಂತ್ರ ದಿನಕ್ಕೆ ಇಷ್ಟು ದುಡಿಯುತ್ತದೆ ಅಂತ ಯಾರಾದರೂ ತೋರಿಸಿದರೆ ಅದು ಇವತ್ತಿನ ಮಾತು. ಮುಂದಿನ ವರ್ಷ ಅದೇ ಯಂತ್ರ, ಅದೇ ಕರೆಂಟು ತಿಂದು, ಕಡಿಮೆ ದುಡಿಯುವುದೇ ಹೆಚ್ಚು.

ಮೊದಮೊದಲು ಸಾಮಾನ್ಯ ಕಂಪ್ಯೂಟರಿನಲ್ಲೇ ಈ ಕೆಲಸ ನಡೆಯುತ್ತಿತ್ತು. 2010ರಲ್ಲಿ ಗ್ರಾಫಿಕ್ಸ್ ಕಾರ್ಡು ಬಂತು. ಎರಡು ಪಿಜ್ಜಾಕ್ಕೆ 10,000 ಬಿಟ್‌ಕಾಯಿನ್ ಕೊಟ್ಟ ಅಮೆರಿಕದ ಲಾಸ್ಲೋ ಹಾನ್ಯೆಚ್ ಕಥೆ ಕೇಳಿದ್ದೀರಲ್ಲ, ಕಾರ್ಡಿನಲ್ಲಿ ಅಗೆಯುವುದನ್ನು ಮೊದಮೊದಲು ತೋರಿಸಿಕೊಟ್ಟವರಲ್ಲಿ ಆತನೂ ಒಬ್ಬ. 2013ರಲ್ಲಿ ಏಸಿಕ್ ಎಂಬ ಯಂತ್ರಗಳು ಕಾಲಿಟ್ಟವು. ಇವಕ್ಕೆ ಈ ಒಂದು ಲೆಕ್ಕ ಬಿಟ್ಟು ಬೇರೇನೂ ಬರುವುದಿಲ್ಲ. ಸಿನಿಮಾ ತೋರಿಸುವುದಿಲ್ಲ, ಟೈಪು ಮಾಡುವುದಿಲ್ಲ. ಆದರೆ ಆ ಒಂದು ಲೆಕ್ಕದಲ್ಲಿ ರಾಕ್ಷಸ. ಅಂದಿನಿಂದ ಬಿಟ್‌ಕಾಯಿನ್ ಮಟ್ಟಿಗೆ ಕಂಪ್ಯೂಟರೂ ಮುಗಿಯಿತು, ಗ್ರಾಫಿಕ್ಸ್ ಕಾರ್ಡೂ ಮುಗಿಯಿತು. ಬಿಟ್‌ಕಾಯಿನ್‌ಗೆ ಯಾವ ಕಾರ್ಡು ಒಳ್ಳೇದು ಅಂತ ಇವತ್ತು ಕೇಳುವುದು ಮುಂಬಯಿಗೆ ಯಾವ ಎತ್ತಿನ ಗಾಡಿ ಬೇಗ ಹೋಗುತ್ತದೆ ಅಂತ ಕೇಳಿದ ಹಾಗೆ.

ಮೈಲೇಜು ಎಷ್ಟು ಕೊಡುತ್ತೆ?

ಬೈಕು ಕೊಳ್ಳುವಾಗ ನಾವು ಕೇಳುವ ಮೊದಲ ಮಾತು ಇದು. ಏಸಿಕ್ ಕೊಳ್ಳುವಾಗ ಮಾತ್ರ ಯಾಕೋ ಯಾರೂ ಕೇಳುವುದಿಲ್ಲ. ಎಲ್ಲರೂ ವೇಗ ಕೇಳುತ್ತಾರೆ. ಸೆಕೆಂಡಿಗೆ ಎಷ್ಟು ಟೆರಾ ಹ್ಯಾಶ್? ಒಂದು ಟೆರಾ ಅಂದರೆ ಒಂದು ಲಕ್ಷ ಕೋಟಿ. ಕೇಳಿದ ಕೂಡಲೇ ಎದೆ ಉಬ್ಬುತ್ತದೆ. ಆದರೆ ಕೇಳಬೇಕಾದದ್ದು ಒಂದು ಟೆರಾಕ್ಕೆ ಎಷ್ಟು ವಾಟ್ ಕರೆಂಟು ಎಂದು.

ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗಕ್ಕೆ ಸಿಗುವುದು ಆಂಟ್‌ಮೈನರ್ ಎಸ್9. 2016ರ ಮಾಡೆಲ್ಲು. ಸುಮಾರು 13.5 ಟೆರಾ ವೇಗ, ಸುಮಾರು 1,350 ವಾಟ್. ಅಂದರೆ ಟೆರಾಕ್ಕೆ 100 ವಾಟ್. 2020ರಲ್ಲಿ ಬಂದ ಎಸ್19 ಎಂಬುದು 95 ಟೆರಾ, 3,250 ವಾಟ್, ಟೆರಾಕ್ಕೆ 34. ಆಮೇಲೆ ಬಂದ ಎಸ್21 ಎಂಬುದು 200 ಟೆರಾ, 3,500 ವಾಟ್, ಟೆರಾಕ್ಕೆ 17.5. ಎಂಟೇ ವರ್ಷದೊಳಗೆ ಮೈಲೇಜು ಐದು ಪಟ್ಟಿಗಿಂತ ಹೆಚ್ಚು! ಎಸ್9 ಅಗ್ಗಕ್ಕೆ ಯಾಕೆ ಸಿಗುತ್ತದೆ ಅಂತ ಈಗ ಗೊತ್ತಾಯಿತಲ್ಲ. 2021ರಲ್ಲಿ ಚೀನಾ ಸರ್ಕಾರ ಮೈನಿಂಗ್ ಪೂರಾ ನಿಲ್ಲಿಸಿದಾಗ ಅಲ್ಲಿನ ಯಂತ್ರಗಳು ಜಗತ್ತಿನ ತುಂಬ ಚದುರಿದವು. 2024ರಲ್ಲಿ ಬಹುಮಾನ ಅರ್ಧವಾದಾಗ ಇನ್ನಷ್ಟು ಹಳೆಯವು ಮೂಲೆಗೆ ಬಿದ್ದವು. ಓಡಿಸಿದವನಿಗೆ ಗಿಟ್ಟದೆ ಹೊರಹಾಕಿದ್ದನ್ನು ನಮ್ಮ ಹುಡುಗ ಲಾಭಕ್ಕೆಂದು ಮನೆಗೆ ತರುತ್ತಾನೆ.

ಲೆಕ್ಕ ಮಾಡಿಯೇ ಬಿಡೋಣ. ಕಿರಾಣಿ ಅಂಗಡಿಯವರಿಗೆ ಲೆಕ್ಕ ಹೇಳಿಕೊಡುವಷ್ಟು ನಾವು ದೊಡ್ಡವರಲ್ಲ, ತಪ್ಪಿದ್ದರೆ ಅವರೇ ತಿದ್ದಲಿ. ಕರೆಂಟು ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿಯೋಣ. ತೆರಿಗೆ, ನಿಗದಿತ ಶುಲ್ಕ, ಆ ಸರ್‌ಚಾರ್ಜು ಈ ಸರ್‌ಚಾರ್ಜು ಸೇರಿದರೆ ಇದಕ್ಕಿಂತ ಜಾಸ್ತಿಯೇ ಆಗುತ್ತದೆ. ಅಂಗಡಿ ಮೀಟರಾದರೆ ಇನ್ನೂ ಜಾಸ್ತಿ. ಇರಲಿ. ಒಂದು ಬಿಟ್‌ಕಾಯಿನ್‌ಗೆ ಧಾರಾಳವಾಗಿ ಒಂದು ಕೋಟಿ ರೂಪಾಯಿ ಎಂದು ಹಿಡಿಯೋಣ. ಇಡೀ ಜಗತ್ತಿನ ಯಂತ್ರಗಳ ಒಟ್ಟು ವೇಗ 2025ರಲ್ಲಿ 100 ಕೋಟಿ ಟೆರಾ ಮುಟ್ಟಿತು. ಅದನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳೋಣ. ದಿನಕ್ಕೆ ಜಗತ್ತಿಗೆಲ್ಲ ಸೇರಿ ಹೊಸದಾಗಿ ಸಿಗುವುದು 450 ಬಿಟ್‌ಕಾಯಿನ್. ಅದರಲ್ಲಿ ನಮ್ಮ ಪಾಲೆಷ್ಟು ಅಂತ ಭಾಗಿಸಿದರೆ ಸಾಕು. ವಹಿವಾಟಿನ ಶುಲ್ಕ ಅಂತ ಒಂದಿಷ್ಟು ಮೇಲೆ ಸೇರುತ್ತದೆ, ಗುಂಪಿನಲ್ಲಿ ಸೇರಿ ಅಗೆಯುವುದಕ್ಕೆ ಪೂಲ್ ಫೀ ಅಂತ ಒಂದಿಷ್ಟು ಹೋಗುತ್ತದೆ. ಕೂಡಿ ಕಳೆದು ಅದನ್ನು ಬಿಟ್ಟುಬಿಡೋಣ.

ಎಸ್9: ತಿಂಗಳಿಗೆ 972 ಯೂನಿಟ್. ಕರೆಂಟಿಗೆ 5,832 ರೂಪಾಯಿ. ದುಡಿಮೆ ಎಷ್ಟು ಗೊತ್ತೇ? 1,822 ರೂಪಾಯಿ! ಹೌದು, ಸೊನ್ನೆ ಬಿಟ್ಟುಹೋಗಿಲ್ಲ. ಸಾವಿರದ ಎಂಟುನೂರ ಇಪ್ಪತ್ತೆರಡು.

ಎಸ್19: 2,340 ಯೂನಿಟ್, ಕರೆಂಟಿಗೆ 14,040. ದುಡಿಮೆ 12,825. ಇದೂ ನಷ್ಟ.

ಎಸ್21: 2,520 ಯೂನಿಟ್, 15,120 ರೂಪಾಯಿ. ದುಡಿಮೆ 27,000. ಓಹೋ, ಇದು ಪರವಾಗಿಲ್ಲವಲ್ಲ ಅಂತ ಕುರ್ಚಿಯಿಂದ ಏಳಬೇಡಿ, ಇನ್ನೂ ಒಬ್ಬರು ಪಾಲುದಾರರಿದ್ದಾರೆ. ಕೇಂದ್ರ ಸರ್ಕಾರ. 2022ರ ಏಪ್ರಿಲ್ 1ರಿಂದ ಈ ಬಗೆಯ ಡಿಜಿಟಲ್ ಆಸ್ತಿ ಮಾರಿದ ಆದಾಯಕ್ಕೆ ಶೇಕಡಾ 30 ತೆರಿಗೆ, ಅದರ ಮೇಲೆ ಸೆಸ್. ಅಸಲು ಖರೀದಿ ಬೆಲೆಯೊಂದನ್ನು ಬಿಟ್ಟು ಬೇರೆ ಯಾವ ಖರ್ಚನ್ನೂ ಕಳೆಯುವ ಹಾಗಿಲ್ಲ. ಮೈನಿಂಗ್ ಯಂತ್ರ, ಸಲಕರಣೆಗೆ ಹಾಕಿದ ದುಡ್ಡನ್ನು ಖರೀದಿ ಬೆಲೆ ಅಂತ ಒಪ್ಪುವುದಿಲ್ಲ ಎಂದು ಸರ್ಕಾರ 2022ರ ಮಾರ್ಚ್‌ನಲ್ಲೇ ಸಂಸತ್ತಿನಲ್ಲಿ ಹೇಳಿಬಿಟ್ಟಿದೆ. ಅಗೆದ ನಾಣ್ಯಕ್ಕೆ ಖರೀದಿ ಬೆಲೆ ಅಂತ ಏನಿದೆ? ಏನೂ ಇಲ್ಲ. ಅಂದರೆ 27,000ಕ್ಕೂ ತೆರಿಗೆ. ಸೆಸ್ ಸೇರಿ 8,424. ಕರೆಂಟು ಬಿಲ್ಲನ್ನೂ ಕಳೆದರೆ ಕೈಯಲ್ಲಿ ಉಳಿಯುವುದು 3,456 ರೂಪಾಯಿ. ಯಂತ್ರಕ್ಕೆ ಹಾಕಿದ ಲಕ್ಷಗಳು, ಕಸ್ಟಮ್ಸು, ಜಿಎಸ್‌ಟಿ ಬೇರೆ. ಬಿಟ್‌ಕಾಯಿನ್ ಬೆಲೆ ಕೋಟಿಯಿಂದ 80 ಲಕ್ಷಕ್ಕೆ ಇಳಿದರೆ ಆ ಮೂರು ಸಾವಿರವೂ ಮಾಯ, ಕೈಯಿಂದ ಇನ್ನೂರು ಚಿಲ್ಲರೆ ಹಾಕಬೇಕು. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ.

ಕೆಲವರು ಇದನ್ನು ಕೇಳಿ, "ನಾವು ಮಾರೋದೇ ಇಲ್ಲ, ಇಟ್ಕೊಂಡು ಕೂರ್ತೀವಿ. ಹತ್ತು ವರ್ಷಕ್ಕೆ ಹತ್ತು ಪಟ್ಟು ಆಗ್ತದೆ" ಅನ್ನುತ್ತಾರೆ. ಆಗಲಿ ಸ್ವಾಮಿ, ಸಂತೋಷ. ಹಾಗೆ ನಂಬಿಕೆ ಇದ್ದರೆ ಕರೆಂಟು ಬಿಲ್ಲಿಗೆ ಕಟ್ಟುವ ದುಡ್ಡಿನಲ್ಲಿ ನೇರ ಬಿಟ್‌ಕಾಯಿನ್ನೇ ಕೊಂಡುಬಿಟ್ಟರೆ ಹೆಚ್ಚು ಸಿಗುತ್ತದಲ್ಲ? ಎಸ್9 ಓಡಿಸುವವನು 1,822 ರೂಪಾಯಿಯ ನಾಣ್ಯಕ್ಕೆ 5,832 ರೂಪಾಯಿ ಕೊಟ್ಟ ಹಾಗಾಯಿತು. ಕೊಳ್ಳಿ ಅಂತ ಈ ಅಂಕಣ ಹೇಳುತ್ತಿಲ್ಲ. ಅದು ಬೇರೆಯೇ ಜೂಜು. ಎರಡು ಜೂಜನ್ನು ಒಂದರ ಮೇಲೊಂದು ಕಟ್ಟಬೇಡಿ ಅಂತ ಅಷ್ಟೇ.

ಫ್ರೀ ಕರೆಂಟು ಐತಲ್ಲ?

ಇದೇ ಎಲ್ಲಕ್ಕಿಂತ ಅಪಾಯದ ಮಾತು. ಗೃಹಜ್ಯೋತಿ 2023ರ ಆಗಸ್ಟ್‌ನಿಂದ ಜಾರಿಯಲ್ಲಿದೆ, ಬಡವರ ಮನೆಗೆ ಬೆಳಕಾಗಿದೆ, ಸುಳ್ಳಲ್ಲ. ಆದರೆ ತಿಂಗಳಿಗೆ 200 ಯೂನಿಟ್ ದಾಟಿದರೆ ದಾಟಿದ್ದಕ್ಕಷ್ಟೇ ಅಲ್ಲ, ಪೂರ್ತಿ ಬಿಲ್ಲೂ ಕಟ್ಟಬೇಕು. ಎಸ್9 ಒಂದೇ 200 ಯೂನಿಟ್ಟನ್ನು ಆರೇಳು ದಿನಕ್ಕೆ ಮುಗಿಸುತ್ತದೆ. ಎಸ್21 ಮೂರು ದಿನದೊಳಗೆ. ಮಗನ ಯಂತ್ರ ದುಡಿದದ್ದು ಎಷ್ಟೋ ಬಿಡಿ, ತಾಯಿ ಇಷ್ಟು ದಿನ ಸೊನ್ನೆ ಬಿಲ್ಲು ನೋಡುತ್ತಿದ್ದವಳು ಮುಂದಿನ ತಿಂಗಳು ಏನು ನೋಡುತ್ತಾಳೆ ಯೋಚಿಸಿ. ಬಾಡಿಗೆ ಮನೆಯಾದರೆ ಓನರ್ ಜೊತೆ ಜಗಳ ಗ್ಯಾರಂಟಿ.

ಸೋಲಾರ್ ಹಾಕಿಸಿದರೆ ಎಂದು ಇನ್ನೊಬ್ಬರು. ಸಬ್ಸಿಡಿ ಸಿಗುತ್ತದೆ, ಹಾಕಿಸಿ, ಒಳ್ಳೆಯದೇ. ಮೂರು ಕಿಲೋವಾಟ್ ಸೋಲಾರ್ ನಮ್ಮ ಬಿಸಿಲಲ್ಲಿ ದಿನಕ್ಕೆ 12 ಯೂನಿಟ್ ಆಸುಪಾಸು ಕೊಡುತ್ತದೆ. ಎಸ್21 ದಿನಕ್ಕೆ ತಿನ್ನುವುದು 84. ಇನ್ನು ಮೀಟರಿಗೆ ಮುಂಚೆಯೇ ತಂತಿ ಎಳೆಯುವ ಯೋಚನೆ ಇರುವವರಿಗೆ: ಅದು 2003ರ ವಿದ್ಯುತ್ ಕಾಯ್ದೆಯ 135ನೇ ಕಲಮಿನ ಪ್ರಕಾರ ಕಳ್ಳತನ, ಮೂರು ವರ್ಷದ ತನಕ ಜೈಲುಂಟು. ಒಂದೇ ಮನೆಯಲ್ಲಿ ಹಗಲೂ ರಾತ್ರಿ ಒಂದೇ ಸಮನಾದ ಲೋಡು ಎಳೆದರೆ ಲೈನ್‌ಮನ್ನಿಗೆ ತಿಳಿಯುವುದಿಲ್ಲ ಅಂದುಕೊಳ್ಳುವವನು ಲೈನ್‌ಮನ್ನನ್ನು ನೋಡಿಲ್ಲ.

ಕರೆಂಟಿನ ದುಡ್ಡಿಗಿಂತಲೂ ನಮಗೆ ಹೆದರಿಕೆ ಇರುವುದು ವೈರಿಂಗಿನದು. ಹಳೇ ಪೇಟೆಯ ಮನೆಗಳಲ್ಲಿ, ಅಂಗಡಿಯ ಹಿಂದಿನ ಗೋದಾಮುಗಳಲ್ಲಿ ಯಾವ ಕಾಲದ ವೈರು ಎಳೆದಿದ್ದಾರೋ ದೇವರಿಗೇ ಗೊತ್ತು. ಮೂರೂವರೆ ಕಿಲೋವಾಟಿನ ಯಂತ್ರ ಅಂದರೆ ಒಂದು ದೊಡ್ಡ ಗೀಸರ್‌ಗಿಂತ ಜಾಸ್ತಿ. ಗೀಸರನ್ನು ನಾವು ಕಾಲು ಗಂಟೆ ಹಾಕಿ ಆರಿಸುತ್ತೇವೆ. ಇದನ್ನು ತಿಂಗಳುಗಟ್ಟಲೆ ಆರಿಸುವುದಿಲ್ಲ. 15 ಆಂಪಿಯರ್ ಸತತವಾಗಿ ಎಳೆದರೆ ಸಾಮಾನ್ಯ ಪವರ್ ಪ್ಲಗ್ಗು ಕಾದು, ಕರಗಿ, ಸುಟ್ಟ ವಾಸನೆ ಬರುತ್ತದೆ. ಪಕ್ಕದಲ್ಲೇ ರಟ್ಟಿನ ಡಬ್ಬ, ಗೋಣಿಚೀಲ, ಎಣ್ಣೆ ಡಬ್ಬ. ಮೇಲೆ ಮಲಗಿರುವವರು ಮನೆಯವರು. ಬೋರ್ಡಿನಿಂದ ಬೇರೆಯೇ ದಪ್ಪ ವೈರು, ಬೇರೆ ಎಂಸಿಬಿ, ಸರಿಯಾದ ಅರ್ಥಿಂಗ್, ಮಂಜೂರಾದ ಲೋಡು ಹೆಚ್ಚಿಸಲು ಬೆಸ್ಕಾಂಗೆ ಅರ್ಜಿ, ಇಷ್ಟೂ ಆಗದೆ ಇಂಥ ಯಂತ್ರವನ್ನು ಹೊಸಲು ದಾಟಿಸಬೇಡಿ. ಬಿಲ್ಲಿನ ಮೇಲೆಯೇ ನಿಮ್ಮ ಮನೆಗೆ ಮಂಜೂರಾದ ಲೋಡು ಬರೆದಿರುತ್ತದೆ, ತೆಗೆದು ನೋಡಿ. ಬಹಳ ಮನೆಗಳಲ್ಲಿ ಆ ಲೋಡು ಈ ಯಂತ್ರದ ಹಸಿವಿಗಿಂತ ಚಿಕ್ಕದು.

ಕಾವು, ಸದ್ದು ಇನ್ನೆರಡು. ತಿಂದ ಕರೆಂಟಷ್ಟೂ ಕಡೆಗೆ ಕಾವಾಗಿಯೇ ಹೊರಬರುತ್ತದೆ. ಏಪ್ರಿಲ್ ತಿಂಗಳಲ್ಲಿ ತಗಡಿನ ಶೀಟಿನ ಕೋಣೆಯೊಳಗೆ ಮೂರೂವರೆ ಕಿಲೋವಾಟಿನ ಒಲೆ ಹಚ್ಚಿಟ್ಟ ಹಾಗೆ. ಈ ಯಂತ್ರಗಳು ಸುತ್ತಲ ಗಾಳಿ 40 ಡಿಗ್ರಿ ಮುಟ್ಟುವ ಹೊತ್ತಿಗೆ ಉಸ್ಸಪ್ಪಾ ಅನ್ನುತ್ತವೆ. ಫ್ಯಾನಿನ ಸದ್ದು 75 ಡೆಸಿಬಲ್, ಅಂದರೆ ಮಿಕ್ಸರ್ ಹತ್ತಿರ ಹತ್ತಿರ, ರಾತ್ರಿ ಎರಡು ಗಂಟೆಗೂ. ಅಕ್ಕಪಕ್ಕದವರು ಎಷ್ಟು ದಿನ ಸುಮ್ಮನಿದ್ದಾರು?

ಹಾಗಾದರೆ ಗ್ರಾಫಿಕ್ಸ್ ಕಾರ್ಡು?

ಅದಕ್ಕೂ ಒಂದು ಕಾಲವಿತ್ತು. ಎಥೀರಿಯಂ ಎಂಬ ಇನ್ನೊಂದು ನಾಣ್ಯವನ್ನು ಕಾರ್ಡಿನಲ್ಲಿ ಅಗೆಯುತ್ತಿದ್ದರು. 2021ರಲ್ಲಿ ಕಾರ್ಡುಗಳು ಅಂಗಡಿಯಲ್ಲಿ ಸಿಗುತ್ತಲೇ ಇರಲಿಲ್ಲ, ಸಿಕ್ಕರೂ ದುಪ್ಪಟ್ಟು ರೇಟು. 2022ರ ಸೆಪ್ಟೆಂಬರ್ 15ರಂದು ಎಥೀರಿಯಂ ತನ್ನ ಪದ್ಧತಿಯನ್ನೇ ಬದಲಿಸಿ ಮೈನಿಂಗಿಗೆ ಬಾಗಿಲು ಹಾಕಿತು. ಒಂದೇ ದಿನದಲ್ಲಿ ಲಕ್ಷಾಂತರ ಕಾರ್ಡುಗಳಿಗೆ ಕೆಲಸವಿಲ್ಲದಂತಾಯಿತು. ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ್ದನ್ನು ಕಂಡ ಊರು ನಮ್ಮದು. ಯಂತ್ರ ಕೆಡದಿದ್ದರೂ ಗಿರಣಿ ನಿಲ್ಲಬಹುದು ಎಂದು ನಮಗೆ ಯಾರೂ ಬಂದು ಹೇಳಿಕೊಡಬೇಕಿಲ್ಲ.

ಉಳಿದ ಸಣ್ಣಪುಟ್ಟ ನಾಣ್ಯಗಳನ್ನು ಕಾರ್ಡಿನಲ್ಲಿ ಈಗಲೂ ಅಗೆಯಬಹುದು. ನಮ್ಮ ಕರೆಂಟು ದರದಲ್ಲಿ ಗಿಟ್ಟುವುದಿಲ್ಲ. ಆದರೂ ಕಾರ್ಡಿನ ಪರವಾಗಿ ಒಂದು ಮಾತು ಹೇಳಲೇಬೇಕು: ಅದಕ್ಕೆ ಇನ್ನೊಂದು ಕಸುಬು ಗೊತ್ತು. ಮೈನಿಂಗ್ ಸೋತರೆ ಫೋಟೋ ಸ್ಟುಡಿಯೋದವರು ಮದುವೆ ವಿಡಿಯೋ ಎಡಿಟಿಂಗಿಗೆ ಕೊಂಡುಕೊಳ್ಳುತ್ತಾರೆ, ಆಟ ಆಡುವ ಹುಡುಗರು ಕೊಂಡುಕೊಳ್ಳುತ್ತಾರೆ. ಏಸಿಕ್ ಸೋತರೆ ಗುಜರಿಯವನು ಅಲ್ಯೂಮಿನಿಯಂ ತೂಕಕ್ಕೆ ಕೊಂಡಾನು. ಆದ್ದರಿಂದ ಹುಡುಗನಿಗೆ ಹೇಗೂ ಓದಿಗೆ, ಎಡಿಟಿಂಗಿಗೆ ಒಂದು ಒಳ್ಳೆ ಕಂಪ್ಯೂಟರು ಬೇಕಿದ್ದರೆ ಅದನ್ನು ಕೊಡಿಸಿ. ಮೈನಿಂಗನ್ನು ಅದರಲ್ಲೇ ಹತ್ತು ದಿನ ಆಡಿ ನೋಡಲಿ. ಮೈನಿಂಗಿಗೆಂದೇ ಕಾರ್ಡು ಬೇಡ.

ಸೆಕೆಂಡ್ ಹ್ಯಾಂಡ್ ಕಾರ್ಡು ಕೊಳ್ಳುವವರು ಮಾರುವವನ ಎದುರಿಗೇ ಕಂಪ್ಯೂಟರಿಗೆ ಹಾಕಿಸಿ ಅರ್ಧ ಗಂಟೆ ಪೂರ್ತಿ ಲೋಡಿನಲ್ಲಿ ಓಡಿಸಿ ನೋಡಬೇಕು. ಮೈನಿಂಗಿನಲ್ಲಿ ದುಡಿದ ಕಾರ್ಡು ಅಂದರೆ ಲಾಂಗ್ ರೂಟಿನಲ್ಲಿ ಓಡಿದ ಟ್ಯಾಕ್ಸಿ ಇದ್ದ ಹಾಗೆ. ಹೊರಗೆ ಪಾಲಿಶ್ ಇರುತ್ತದೆ. ಫ್ಯಾನಿನ ಬೇರಿಂಗ್ ಸದ್ದು ಕೇಳಿ. ಬಯೋಸ್ ತಿದ್ದಿದ್ದಾರೆಯೇ ಕೇಳಿ. ಆಮೇಲೆ, ದಯವಿಟ್ಟು, 450 ವಾಟ್ ಅಂತ ಚೀಟಿ ಅಂಟಿಸಿದ ಅಗ್ಗದ ಎಸ್‌ಎಂಪಿಎಸ್‌ಗೆ ಇದನ್ನು ಹಾಕಬೇಡಿ, ಚೀಟಿಯ ಮೇಲಿರುವ ವಾಟ್ ಒಳಗಿರುವುದಿಲ್ಲ. ನಾಕಾರು ಕಾರ್ಡು ಸೇರಿಸಿ ರಿಗ್ ಕಟ್ಟುವವರು ರೈಸರ್‌ಗೆ ಹಾರ್ಡ್ ಡಿಸ್ಕಿನ ಸಾಟಾ ವೈರಿನಿಂದ ಕರೆಂಟು ಕೊಡುವುದುಂಟು. ಆ ಸಣ್ಣ ವೈರಿಗೆ ಅಷ್ಟು ತಾಕತ್ತಿಲ್ಲ. ಅಲ್ಲಿಂದಲೇ ಬೆಂಕಿ ಏಳುವುದು.

ದುಡ್ಡು ತಿನ್ನುವ ಯಂತ್ರಗಳಾದರೂ ಕಣ್ಣಿಗೆ ಕಾಣುತ್ತವೆ. ಕಾಣದ ಯಂತ್ರದ ಹೆಸರಲ್ಲಿ ತಿನ್ನುವವರ ಕಥೆ ಬೇರೆ. "ನೀವು ಮಿಷನ್ ತರೋದೇ ಬೇಡ, ನಮ್ಮತ್ರ ಐತೆ, ದುಡ್ಡು ಹಾಕಿ, ತಿಂಗಳಿಗೆ ಇಷ್ಟು ಕೊಡ್ತೀವಿ" ಅನ್ನುವ ಕ್ಲೌಡ್ ಮೈನಿಂಗ್. ಗೇನ್‌ಬಿಟ್‌ಕಾಯಿನ್ ಎಂಬ ಸ್ಕೀಮು 2015ರಲ್ಲಿ ಶುರುವಾಗಿ, ತಿಂಗಳಿಗೆ ಶೇಕಡಾ 10ರಂತೆ 18 ತಿಂಗಳು ಕೊಡುತ್ತೇವೆ ಅಂತ ದೇಶದ ತುಂಬ ಜನರಿಂದ ಎತ್ತಿತು. ಸಿಬಿಐ 2025ರ ಫೆಬ್ರವರಿಯಲ್ಲಿ ಬೆಂಗಳೂರೂ ಸೇರಿ 60ಕ್ಕೂ ಹೆಚ್ಚು ಕಡೆ ಶೋಧ ನಡೆಸಿತು. ಹತ್ತು ವರ್ಷವಾದ ಮೇಲೆ! ಮೊಬೈಲಿನಲ್ಲಿ ಗುಂಡಿ ಒತ್ತಿದರೆ ನಾಣ್ಯ ಉದುರುತ್ತದೆ ಅನ್ನುವ ಆ್ಯಪುಗಳೂ ಉಂಟು. ಫೋನಿನೊಳಗೇ ಮೈನಿಂಗ್ ಮಾಡುವ ಆ್ಯಪುಗಳನ್ನು ಗೂಗಲ್, ಆಪಲ್ ಎರಡೂ 2018ರಲ್ಲೇ ನಿಷೇಧಿಸಿವೆ. ಅಂದ ಮೇಲೆ ಗುಂಡಿ ಒತ್ತಿದಾಗ ಅಗೆಯುತ್ತಿರುವುದು ಏನನ್ನು? ನಿಮ್ಮ ಫೋನ್ ನಂಬರು, ನಿಮ್ಮ ನೆಂಟರ ಫೋನ್ ನಂಬರು.

ಕಲಿಯೋಕೆ ಅಂದರೆ ಬೇರೆ ಮಾತು

ಎಲ್ಲಾ ಬೇಡ ಬೇಡ ಅಂದರೆ ಹುಡುಗರು ಈ ಪೇಪರು ಮಡಚಿ ಮಂಡಕ್ಕಿ ಕಟ್ಟಿಸಿಕೊಂಡು ಹೋಗುತ್ತಾರೆ. ಅವರ ಕುತೂಹಲ ತಪ್ಪಲ್ಲ. ಮೈನಿಂಗ್ ಮಾಡುವುದು ನಮ್ಮಲ್ಲಿ ಅಪರಾಧವೂ ಅಲ್ಲ. ಬ್ಯಾಂಕುಗಳು ಈ ವ್ಯವಹಾರದ ಹತ್ತಿರ ಹೋಗಬಾರದು ಎಂದು ರಿಸರ್ವ್ ಬ್ಯಾಂಕ್ 2018ರಲ್ಲಿ ಹೊರಡಿಸಿದ್ದ ಸುತ್ತೋಲೆಯನ್ನು ಸುಪ್ರೀಂ ಕೋರ್ಟು 2020ರ ಮಾರ್ಚ್‌ನಲ್ಲಿ ರದ್ದು ಮಾಡಿತು. ಹವ್ಯಾಸಕ್ಕೆ ಒಬ್ಬ ಕ್ಯಾಮೆರಾ ಕೊಳ್ಳುತ್ತಾನೆ, ಒಬ್ಬ ಪಾರಿವಾಳ ಸಾಕುತ್ತಾನೆ. ಯಾರೂ ಪಾರಿವಾಳ ಸಾಕಿ ಸಾಲ ತೀರಿಸುತ್ತೇನೆ ಅನ್ನುವುದಿಲ್ಲ, ಅಷ್ಟೇ ವ್ಯತ್ಯಾಸ.

ಎಲ್ಲಕ್ಕಿಂತ ಅಗ್ಗದ್ದು ನರ್ಡ್‌ಮೈನರ್. ಬೆರಳುದ್ದದ ಇಎಸ್‌ಪಿ32 ಬೋರ್ಡು, ಪುಟ್ಟ ಪರದೆ. ಇಂಜಿನಿಯರಿಂಗ್ ಹುಡುಗರಿಗೆ ಪರಿಚಯದ ಬೋರ್ಡೇ. ಒಂದು ವಾಟ್ ಆಸುಪಾಸು ಕರೆಂಟು, ಮೊಬೈಲ್ ಚಾರ್ಜರ್ ಸಾಕು. ನಾಣ್ಯ ಸಿಗುವುದಿಲ್ಲ, ಅದು ಸಿಗಲಿ ಅಂತ ಮಾಡಿದ್ದೂ ಅಲ್ಲ. ಆದರೆ ಬ್ಲಾಕ್ ಅಂದರೇನು, ಹ್ಯಾಶ್ ಅಂದರೇನು ಎಂಬುದು ಕಣ್ಣೆದುರು ಓಡುತ್ತದೆ.

ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಬಿಟ್‌ಆಕ್ಸ್. ನಿಜವಾದ ಏಸಿಕ್ ಚಿಪ್ಪು ಒಂದೇ ಒಂದು, ಅಂಗೈಯಗಲದ ಬೋರ್ಡು, ನಕ್ಷೆಯನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಗಾಮಾ ಎಂಬ ಮಾಡೆಲ್ಲು ಸುಮಾರು 1.2 ಟೆರಾ, 18 ವಾಟ್ ಆಸುಪಾಸು. ತಿಂಗಳಿಗೆ 13 ಯೂನಿಟ್, ಎಂಬತ್ತು ರೂಪಾಯಿ. ಸದ್ದಿಲ್ಲ, ಮೇಜಿನ ಮೇಲೆ ಕೂರುತ್ತದೆ. ಆದರೆ ಒಂದು ಎಚ್ಚರಿಕೆ: ಗಾಮಾಗೆ ಬೇಕಾದ್ದು 5 ವೋಲ್ಟಿನ ಅಡಾಪ್ಟರು. ಮನೆಯಲ್ಲಿ ಬಿದ್ದಿರುವ ಸೆಟ್‌ಟಾಪ್ ಬಾಕ್ಸಿನ 12 ವೋಲ್ಟಿನದನ್ನು ಚುಚ್ಚಿದರೆ ಅಲ್ಲೇ ಹೊಗೆ. ಪಿನ್ನು ಕೂತಿತು ಅಂತ ಚುಚ್ಚಬಾರದು. ಒಂಟಿಯಾಗಿ ಇದನ್ನು ಓಡಿಸಿ ಒಂದು ಬ್ಲಾಕು ಗೆಲ್ಲಲು ಸರಾಸರಿ ಎಷ್ಟು ದಿನ ಬೇಕು ಅಂತ ಲೆಕ್ಕ ಹಾಕಿದರೆ ಹದಿನಾರು ಸಾವಿರ ವರ್ಷದ ಹತ್ತಿರ ಬರುತ್ತದೆ. 2024ರ ಜುಲೈನಲ್ಲಿ ಇಂಥ ಸಣ್ಣ ಯಂತ್ರವೊಂದಕ್ಕೆ ಬ್ಲಾಕು ಹೊಡೆಯಿತು ಅಂತ ಜಗತ್ತಿನಲ್ಲೆಲ್ಲ ಸುದ್ದಿಯಾಯಿತು, ನಿಜ. ಲಾಟರಿ ಯಾರಿಗೋ ಒಬ್ಬರಿಗೆ ಹೊಡೆಯಲೇಬೇಕಲ್ಲ. ಸುದ್ದಿಯಾದದ್ದು ಅಪರೂಪಕ್ಕೆ ಆದದ್ದರಿಂದ.

ಏನೂ ಕೊಳ್ಳದೆ ಕಲಿಯಬೇಕೆನ್ನುವವರಿಗೆ ಮೊನೆರೋ ಎಂಬ ನಾಣ್ಯದ ಪದ್ಧತಿ ಇದೆ. ಏಸಿಕ್‌ಗಳ ಆಟ ನಡೆಯದಿರಲಿ, ಸಾಮಾನ್ಯ ಪ್ರೊಸೆಸರಿನಲ್ಲೇ ಓಡಲಿ ಎಂದು 2019ರ ನವೆಂಬರ್‌ನಲ್ಲಿ ರಾಂಡಮ್‌ಎಕ್ಸ್ ಎಂಬ ಲೆಕ್ಕಕ್ಕೆ ಬದಲಿಸಿದ್ದಾರೆ. ಇದರಲ್ಲಿ ಗಮನಿಸಬೇಕಾದ್ದು ಪ್ರೊಸೆಸರಿನೊಳಗಿನ ಎಲ್3 ಕ್ಯಾಶ್. ಒಂದೊಂದು ಥ್ರೆಡ್ಡಿಗೆ 2 ಎಂಬಿ ಬೇಕು. ರ‍್ಯಾಮು ಒಂದೇ ದೊಡ್ಡ ಕಡ್ಡಿಗಿಂತ ಎರಡು ಸಮ ಕಡ್ಡಿ ಲೇಸು. ಇದರಿಂದಲೂ ದುಡ್ಡಾಗದು. ಕಂಪ್ಯೂಟರೊಂದು ಒಳಗೆ ಹೇಗೆ ಉಸಿರಾಡುತ್ತದೆ ಅಂತ ತಿಳಿಯುತ್ತದೆ. ಲ್ಯಾಪ್‌ಟಾಪಿನಲ್ಲಿ ಮಾತ್ರ ರಾತ್ರಿಯಿಡೀ ಓಡಿಸಬೇಡಿ, ಕಾವಿಗೆ ಬ್ಯಾಟರಿ ಬೇಗ ಮುದಿಯಾಗುತ್ತದೆ.

ಇದರಲ್ಲಿ ನಮ್ಮೂರ ಕಾಲೇಜುಗಳಿಗೂ ಒಂದು ಕೆಲಸವಿದೆ ಎಂಬುದು ಈ ಅಂಕಣದ ಅಭಿಪ್ರಾಯ. ಇಂಜಿನಿಯರಿಂಗ್ ಕಾಲೇಜು, ಪಾಲಿಟೆಕ್ನಿಕ್ಕು ಎರಡೂ ಇರುವ ಊರಿದು. ಲ್ಯಾಬಿನ ಒಂದು ಮೂಲೆಯಲ್ಲಿ ಒಂದು ಬಿಟ್‌ಆಕ್ಸು, ಒಂದು ಹಳೇ ಗ್ರಾಫಿಕ್ಸ್ ಕಾರ್ಡು, ಪಕ್ಕದಲ್ಲೊಂದು ಸಣ್ಣ ಕರೆಂಟು ಮೀಟರು ಇಡಲಿ. ಮೀಟರು ಎಲ್ಲರಿಗೂ ಕಾಣುವ ಹಾಗಿರಲಿ. ದಿನಾ ಸಂಜೆ ಒಬ್ಬ ಹುಡುಗ ಬೋರ್ಡಿನ ಮೇಲೆ ಎರಡು ಅಂಕಿ ಬರೆಯಲಿ: ಇವತ್ತು ತಿಂದದ್ದೆಷ್ಟು, ದುಡಿದದ್ದೆಷ್ಟು. ಇದಕ್ಕೆ ಆಗುವ ಖರ್ಚು ಲಕ್ಷದ ಮಾತಲ್ಲ, ಸಾವಿರಗಳದ್ದು. ಆ ಬೋರ್ಡನ್ನು ನೋಡಲು ಅಪ್ಪಂದಿರನ್ನೂ ಒಂದು ಭಾನುವಾರ ಕರೆಯಲಿ. ಅಂಗಡಿಗೆ ರಜಾ ಇರುವ ದಿನ ನೋಡಿ ಕರೆದರೆ ಬಂದೇ ಬರುತ್ತಾರೆ.